ಇಪ್ಪತ್ತೈದು ಮನೆಗಳ ಕೊಳಚೆ ನೀರಿಗೆ ಜೊಂಡಿನ ಪಾತಿ: ಗೋವಾದ ಕೆಂಪುಕಲ್ಲು ನೆಲದಲ್ಲಿ ಕಟ್ಟುವ ಬಗೆ

ಗೋವಾದ ವಾಸ್ಕೊ, ಜುವಾರಿನಗರದ ಸುತ್ತ ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ ಕಡೆಯಿಂದ ದುಡಿಯಲು ಬಂದವರ ಓಣಿಗಳಿವೆ. ಒಳಚರಂಡಿ ತಲುಪದ ಓಣಿಯಲ್ಲಿ ಬಚ್ಚಲು ನೀರು, ಮುಸುರೆ ನೀರು ಬಾಗಿಲ ಮುಂದಿನ ಗಟಾರಕ್ಕೆ ಹೋಗುತ್ತದೆ, ಶೌಚಾಲಯದ್ದು ಇಂಗುಗುಂಡಿಗೆ. ಇಲ್ಲಿನ ಕೆಂಪುಕಲ್ಲು, ಗೌಂಡಿಗಳ ಮಾತಿನ ಚಿರೆಕಲ್ಲು, ತೂತುತೂತಾದ ನೆಲ. ಗುಂಡಿಯಲ್ಲಿ ಇಂಗಿದ ಹೊಲಸು ಮಣ್ಣಿನಲ್ಲಿ ಸೋಸಿಹೋಗುವ ಮೊದಲೇ ಬಿರುಕು ಹಿಡಿದು ಇಳಿಜಾರಿನ ಬಾವಿ ಸೇರಬಹುದು.

ಇಂಥ ಓಣಿಗೆ ಕರೆಂಟು ಬೇಡದ, ಗೌಂಡಿ ಕೆಲಸ ಬಲ್ಲವರೇ ಕಟ್ಟಿಕೊಳ್ಳಬಹುದಾದ ದಾರಿ ಜೊಂಡಿನ ಪಾತಿ. ನೀರು ಸೋರದ ತೊಟ್ಟಿಯಲ್ಲಿ ಖಡಿ, ಅಂದರೆ ಜಲ್ಲಿಕಲ್ಲು ತುಂಬಿ, ಮೇಲೆ ಜೌಗಿನ ಗಿಡ ನೆಟ್ಟು, ಕೊಳಚೆ ನೀರನ್ನು ಖಡಿಯ ಒಳಗಿನಿಂದ ನಿಧಾನವಾಗಿ ಅಡ್ಡಕ್ಕೆ ಹಾಯಿಸುವ ಏರ್ಪಾಡು ಇದು. ಜರ್ಮನಿಯಲ್ಲಿ ವಿಜ್ಞಾನಿ ಕೇಟೆ ಸೈಡೆಲ್ 1950ರ ದಶಕದಲ್ಲೇ ಇದರ ಪ್ರಯೋಗ ಶುರುಮಾಡಿದ್ದರು. ನಮ್ಮಲ್ಲಿ ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಇದೇ ಜಾತಿಯ ಒಂದು ವಿಧಾನಕ್ಕೆ ಫೈಟೊರಿಡ್ ಎಂದು ಹೆಸರಿಟ್ಟಿದೆ.

ಗಿಡಗಳೇ ಕೊಳೆ ಹೀರಿಬಿಡುತ್ತವೆ ಎಂದು ನಂಬಿ ಕಟ್ಟಿದವರ ಪಾತಿ ಬೇಗ ಕೆಡುತ್ತದೆ. ಕೊಳೆ ತಿನ್ನುವ ಮುಖ್ಯ ಕೆಲಸ ಖಡಿಗೆ ಅಂಟಿಕೊಂಡ ಲೋಳೆಯಲ್ಲಿರುವ ಬ್ಯಾಕ್ಟೀರಿಯಾಗಳದ್ದು. ಬೇರು ಆ ಲೋಳೆಗೆ ನೆಲೆ ಕೊಡುತ್ತದೆ, ಖಡಿ ಗಟ್ಟಿಯಾಗದಂತೆ ಸಡಿಲವಾಗಿಡುತ್ತದೆ, ಸ್ವಲ್ಪ ಗಾಳಿ ಇಳಿಸುತ್ತದೆ, ಒಂದಿಷ್ಟು ಸಾರಜನಕ ಎಳೆದುಕೊಳ್ಳುತ್ತದೆ. ಆದ್ದರಿಂದ ಹಣ, ಸಮಯ, ಗಮನ ಮೂರನ್ನೂ ಮೊದಲು, ಕೊಳಚೆ ಪಾತಿಗೆ ಬರುವ ಮುನ್ನವೇ ಅದರ ಗಸಿ ಹಿಡಿಯುವ ಟ್ಯಾಂಕಿಗೆ, ಆಮೇಲೆ ಲೆವೆಲ್‌ಗೆ, ಆಮೇಲೆ ದಿನಾ ನೋಡಿಕೊಳ್ಳುವ ಮನುಷ್ಯನ ಸಂಬಳಕ್ಕೆ ಇಡಿ. ಗಿಡದ ಸರದಿ ಕೊನೆಗೆ.

ಜಾಗ ಮತ್ತು ಒಪ್ಪಿಗೆ

ಗೋವಾದಲ್ಲಿ ಜಾಗ ಯಾರದ್ದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಊರಿನ ಕೊಮುನಿದಾದಿಗೆ (ಊರ ಜಮೀನನ್ನು ಒಟ್ಟಾಗಿ ಹೊಂದಿರುವ ಹಳೆಯ ಗ್ರಾಮಸಂಘ) ಸೇರಿದ್ದೋ, ಖಾಸಗಿಯೋ, ಸರ್ಕಾರದ್ದೋ ಎಂದು ದಾಖಲೆ ನೋಡದೆ ಒಂದು ಬುಟ್ಟಿ ಮಣ್ಣನ್ನೂ ತೆಗೆಯಬೇಡಿ. ಬಡವರು ಕೂಲಿ ಬಿಟ್ಟು, ಕಾಸು ಕೂಡಿಸಿ ಕಟ್ಟಿದ್ದನ್ನು ಅಕ್ರಮವೆಂದು ಒಡೆದುಹಾಕುವ ಸ್ಥಿತಿ ಬರಬಾರದು. ಜಾಗದ ಒಡೆಯರ ಒಪ್ಪಿಗೆ ಬರಹದಲ್ಲಿರಲಿ. ಪಂಚಾಯತಿ ಅಥವಾ ಪುರಸಭೆಯ ಅನುಮತಿಯೂ, ಶುದ್ಧವಾದ ನೀರು ಎಲ್ಲಿಗೆ ಹೋಗುತ್ತದೆ ಎಂಬುದರ ನಕ್ಷೆಯೂ ಅದರ ಜೊತೆಗಿರಲಿ. ಒಡ್ಡು ಕಟ್ಟಿ ಉಬ್ಬರದ ನೀರು ತಡೆದ ಖಾಜನ್ ಗದ್ದೆಗಳಲ್ಲಿ, ಉಬ್ಬರದ ನೀರು ಏರುವ ತಗ್ಗಿನಲ್ಲಿ ಕಟ್ಟಬೇಡಿ. ಅಲ್ಲಿ ಕರಾವಳಿ ನಿಯಂತ್ರಣ ವಲಯದ ಕಾನೂನೂ ಅಡ್ಡ ಬರುತ್ತದೆ, ಮಳೆಗಾಲದಲ್ಲಿ ಹೊರಕೊಳವೆಯಿಂದ ನೀರು ತಿರುಗಿ ಒಳಗೂ ಬರುತ್ತದೆ.

ಮನೆಗಳಿಗಿಂತ ತಗ್ಗಿನಲ್ಲಿ, ಬಾವಿಯಿಂದ ಕನಿಷ್ಠ 30 ಮೀಟರ್ ದೂರದಲ್ಲಿ, ಬಿಸಿಲು ಬೀಳುವ ಕಡೆ ಜಾಗ ಆರಿಸಿ. ಕೊನೆಯ ಮನೆಯ ಛೇಂಬರಿನಿಂದ ಪಾತಿಯ ಹೊರಬಾಯಿಗೆ ಸುಮಾರು ಒಂದೂವರೆ ಮೀಟರ್ ಇಳಿತ ಸಿಕ್ಕರೆ ಪಂಪು ಬೇಕಾಗುವುದಿಲ್ಲ. ವಾಸ್ಕೊ ಸುತ್ತಿನ ಗುಡ್ಡದ ಓರೆಗಳಲ್ಲಿ ಇದು ಕಷ್ಟವಲ್ಲ. ಇಳಿತ ಸಿಗದಿದ್ದರೆ ಪಂಪು ಹಾಕುವ ಬದಲು ಬೇರೆ ಜಾಗ ಹುಡುಕುವುದು ಮೇಲು. ಪಂಪು ಕೆಟ್ಟ ದಿನ ಕೊಳಚೆಯೆಲ್ಲ ಓಣಿಯ ತಗ್ಗಿನ ಮನೆಗೇ ನುಗ್ಗುತ್ತದೆ, ಆ ಮನೆ ಸಾಮಾನ್ಯವಾಗಿ ಓಣಿಯಲ್ಲೇ ಬಡವರದು.

ಅಳತೆಯ ಲೆಕ್ಕ

25 ಮನೆ, 125 ಜನ. ತಲೆಗೆ ದಿನಕ್ಕೆ 80 ಲೀಟರಿನಂತೆ ಒಟ್ಟು 10,000 ಲೀಟರ್ ಕೊಳಚೆ, ಅಂದರೆ 10 ಘನ ಮೀಟರ್. ನೀರಿನ ಕೊಳೆಯನ್ನು ಅಳೆಯುವುದು ಬಿಒಡಿಯಲ್ಲಿ: ಆ ಕೊಳೆಯನ್ನು ಕೊಳೆಯಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ ಅದು. ಒಬ್ಬರಿಂದ ದಿನಕ್ಕೆ ಸುಮಾರು 40 ಗ್ರಾಂ ಬರುತ್ತದೆ, ಹಾಗಾಗಿ ಹಸಿ ಕೊಳಚೆಯಲ್ಲಿ ಲೀಟರಿಗೆ 500 ಮಿಲಿಗ್ರಾಂ. ಚೆನ್ನಾಗಿ ಕಟ್ಟಿದ ಟ್ಯಾಂಕು ಇದನ್ನು ಅರ್ಧಕ್ಕೆ, 250ಕ್ಕೆ ಇಳಿಸುತ್ತದೆ. ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆ ಮಹಾನಗರಗಳ ಹೊರಗೆ ಬಿಒಡಿ ಮಿತಿ ಲೀಟರಿಗೆ 30 ಮಿಲಿಗ್ರಾಂ ಎಂದಿತ್ತು. ನಾವು ಇಲ್ಲಿ ಹಿಡಿದಿರುವ ಗುರಿ ಅದು. ಅನುಮತಿ ಪತ್ರದಲ್ಲಿ ಇನ್ನೂ ಬಿಗಿಯಾದ ಮಿತಿ ಬರೆದಿದ್ದರೆ ಕೆಳಗಿನ ಲೆಕ್ಕಕ್ಕೆ ಆ ಅಂಕಿಯನ್ನೇ ಹಾಕಿ.

ಪಾತಿಯ ವಿಸ್ತೀರ್ಣ ತೆಗೆಯಲು ದಿನದ ಹರಿವನ್ನು, ಒಳಬರುವ ಮತ್ತು ಹೊರಹೋಗುವ ಬಿಒಡಿಯ ಅನುಪಾತದ ಸಹಜ ಲಾಗರಿದಮ್‌ನಿಂದ ಗುಣಿಸಿ, ಕೊಳೆ ಕರಗುವ ವೇಗದಿಂದ ಭಾಗಿಸಬೇಕು. 250ನ್ನು 30ರಿಂದ ಭಾಗಿಸಿದರೆ 8.33, ಅದರ ಲಾಗರಿದಮ್ 2.12. ಗೋವಾದ ಸೆಕೆಯಲ್ಲಿ ವೇಗ ಹೆಚ್ಚೇ ಇರುತ್ತದೆ, ಆದರೂ ಕೈ ಬಿಗಿಹಿಡಿದು ದಿನಕ್ಕೆ 0.18 ಮೀಟರ್ ಎಂದಿಟ್ಟುಕೊಳ್ಳಿ. 10ನ್ನು 2.12ರಿಂದ ಗುಣಿಸಿ 0.18ರಿಂದ ಭಾಗಿಸಿದರೆ 118. ಅಲ್ಲಿಗೆ 120 ಚದರ ಮೀಟರ್, ತಲೆಗೆ ಸುಮಾರು ಒಂದು ಚದರ ಮೀಟರ್.

ಆಕಾರದ ವಿಷಯದಲ್ಲಿ ಬಹಳ ಜನ ತಪ್ಪುವುದು ಇಲ್ಲಿ. ಕಾಲುವೆಯಂತೆ ಉದ್ದವಾಗಿ, ಕಿರಿದಾಗಿ ಕಟ್ಟಿದರೆ ನೀರು ಹೆಚ್ಚು ದೂರ ಹರಿದು ಹೆಚ್ಚು ಶುದ್ಧವಾಗುತ್ತದೆ ಅನಿಸುತ್ತದೆ. ಆಗುವುದು ಬೇರೆ: ಇಡೀ ಓಣಿಯ ಕೊಳೆ ಕಿರಿದಾದ ಒಂದೇ ಬಾಯಿಯಲ್ಲಿ ನುಗ್ಗಿ ಅಲ್ಲಿನ ಖಡಿಯ ಸಂದುಗಳು ಕಟ್ಟಿಕೊಳ್ಳುತ್ತವೆ. ಒಳಬಾಯಿಯ ಅಡ್ಡಕೊಯ್ತದ (ಅಗಲವನ್ನು ನೀರಿನ ಆಳದಿಂದ ಗುಣಿಸಿದ್ದು) ಪ್ರತಿ ಚದರ ಮೀಟರಿಗೆ ದಿನಕ್ಕೆ 250 ಗ್ರಾಂ ಬಿಒಡಿಗಿಂತ ಹೆಚ್ಚು ಬೀಳಬಾರದು. ನಮ್ಮ ಓಣಿಯ ಟ್ಯಾಂಕಿನಿಂದ ಹೊರಬರುವುದು 2,500 ಗ್ರಾಂ. ಆದ್ದರಿಂದ 10 ಚದರ ಮೀಟರ್ ಅಡ್ಡಕೊಯ್ತ ಬೇಕು. ನೀರಿನ ಆಳ ಅರ್ಧ ಮೀಟರ್ ಇದ್ದರೆ ಅಗಲ 20 ಮೀಟರ್, ಹರಿಯುವ ದೂರ 6 ಮೀಟರ್. ಇದನ್ನು 10 ಮೀಟರ್ ಅಗಲ, 6 ಮೀಟರ್ ಉದ್ದದ ಎರಡು ಪಾತಿಗಳಾಗಿ ಮಾಡಿ. ಎರಡಿದ್ದರೆ ಒಂದಕ್ಕೆ ರಜೆ ಕೊಟ್ಟು ಇನ್ನೊಂದನ್ನು ನಡೆಸಬಹುದು. ಈ ಅನುಕೂಲದ ಬೆಲೆ ಐದಾರು ವರ್ಷ ಕಳೆದಮೇಲೆ ತಿಳಿಯುತ್ತದೆ. ಖಡಿಯ ಸಂದುಗಳಲ್ಲಿ ನಿಲ್ಲುವ ನೀರು ಎರಡೂ ಸೇರಿ ಸುಮಾರು 21,000 ಲೀಟರ್, ಅಂದರೆ ನೀರು ಒಳಗೆ ಎರಡು ದಿನ ಇರುತ್ತದೆ.

ಮನೆಯಿಂದ ಟ್ಯಾಂಕಿನವರೆಗೆ

ಪ್ರತಿ ಬಚ್ಚಲಿಗೆ, ಪಾತ್ರೆ ತೊಳೆಯುವ ಕಲ್ಲಿಗೆ ಜಾಲರಿ ಹಾಕಿ. ಅನ್ನದ ಅಗಳು, ಮೀನಿನ ಹುರುಪೆ, ಕೂದಲು ಅಲ್ಲೇ ಉಳಿಯಲಿ. ಚಹಾ ಅಂಗಡಿ, ಖಾನಾವಳಿ ಇದ್ದರೆ ಅವಕ್ಕೆ ಬೇರೆಯೇ ಜಿಡ್ಡಿನ ತೊಟ್ಟಿ ಕಡ್ಡಾಯ. ವಾರಕ್ಕೊಮ್ಮೆ ಅದರ ಕೆನೆ ಬಳಿದು ತೆಗೆಯಬೇಕು. ಜಿಡ್ಡು ಖಡಿಗೆ ಹೋದರೆ ಮತ್ತೆ ಹೊರಬರುವುದಿಲ್ಲ.

ಮನೆಯ ಸಾಲಿಗೆ 110 ಎಂಎಂ ಪಿವಿಸಿ ಕೊಳವೆ, 60 ಅಡಿಗೆ ಒಂದು ಅಡಿ ಇಳಿತ. ಓಣಿಯ ಮುಖ್ಯ ಸಾಲಿಗೆ 160 ಎಂಎಂ, 100ಕ್ಕೆ ಒಂದು. ತಿರುವಿಗೊಂದು, ನೇರ ಸಾಲಿನಲ್ಲಿ 10–15 ಮೀಟರಿಗೊಂದು ಛೇಂಬರ್. ಟ್ಯಾಂಕಿಗೆ ಸ್ವಲ್ಪ ಮೊದಲು 10–15 ಎಂಎಂ ಸಂದಿನ ಕಂಬಿ ಜಾಲರಿ.

ಮಳೆನೀರು ಈ ಕೊಳವೆಗೆ ಬರಲೇಬಾರದು. ಗೋವಾದಲ್ಲಿ ವರ್ಷಕ್ಕೆ 3,000 ಎಂಎಂ ಆಸುಪಾಸು ಮಳೆ. 25 ಮನೆಗಳ ಮಾಡು ತಲಾ 25 ಚದರ ಮೀಟರ್ ಎಂದು ಹಿಡಿದರೂ, ಒಂದು ದಿನದ 100 ಎಂಎಂ ಮಳೆಗೆ 62,500 ಲೀಟರ್ ಸುರಿಯುತ್ತದೆ, ದಿನದ ಕೊಳಚೆಯ ಆರು ಪಟ್ಟು. ಅದು ಟ್ಯಾಂಕಿಗೆ ನುಗ್ಗಿದರೆ ಎರಡು ದಿನಕ್ಕೂ ಹೆಚ್ಚು ನಿಲ್ಲಬೇಕಾದ ನೀರು ಎಂಟು ಗಂಟೆಯಲ್ಲಿ ದಾಟಿಹೋಗುತ್ತದೆ, ತಳದ ಗಸಿಯನ್ನು ಎಬ್ಬಿಸಿ ಪಾತಿಗೆ ಒಯ್ದು ಸುರಿಯುತ್ತದೆ. ಒಂದೇ ಜುಲೈ ತಿಂಗಳಲ್ಲಿ ಹೊಸ ಪಾತಿಯ ಖಡಿ ಕಟ್ಟಿಕೊಂಡುಬಿಡಬಹುದು. ಮಾಡಿನ ನೀರಿಗೆ, ಅಂಗಳದ ನೀರಿಗೆ ಬೇರೆ ಗಟಾರ ಇರಲಿ. ಛೇಂಬರಿನ ಮುಚ್ಚಳ ನೆಲಕ್ಕಿಂತ 15 ಸೆಂಟಿಮೀಟರ್ ಎತ್ತರ ಇರಲಿ.

ಟ್ಯಾಂಕಿನ ಒಳ ಅಳತೆ 6 ಮೀಟರ್ ಉದ್ದ, 2 ಮೀಟರ್ ಅಗಲ, ನೀರಿನ ಆಳ 2 ಮೀಟರ್, ಮೇಲೆ 30 ಸೆಂಟಿಮೀಟರ್ ಖಾಲಿ. ಮೂರು ಕೋಣೆ: ಮೊದಲನೆಯದು 3 ಮೀಟರ್, ಉಳಿದೆರಡು ಒಂದೂವರೆ ಮೀಟರಿನವು. ಒಂದು ಕೋಣೆಯಿಂದ ಇನ್ನೊಂದಕ್ಕೆ ನೀರು ಹೋಗುವ ಕೊಳವೆ ತಳದ ಹತ್ತಿರಕ್ಕೆ ಇಳಿದಿರಬೇಕು. ಆಗ ನೀರು ಗಸಿಯ ಪದರದೊಳಗಿಂದ ಮೇಲೇರುತ್ತ ಕೊಳೆ ಬಿಡುತ್ತದೆ. ಕೊನೆಯ ಹೊರಬಾಯಿಗೆ ಟಿ ಆಕಾರದ ಕೊಳವೆ ಹಾಕಿದರೆ ತೇಲುವ ಕೆನೆ ಪಾತಿಗೆ ಹೋಗುವುದಿಲ್ಲ. ಚಿರೆಕಲ್ಲಿನ ಗೋಡೆಗೆ ಪ್ಲಾಸ್ಟರ್ ಮಾಡಿದರೆ ಸಾಕೆಂದುಕೊಳ್ಳಬೇಡಿ, ಆ ಕಲ್ಲು ನೀರು ಹೀರುತ್ತದೆ. ತಳಕ್ಕೆ ಕಾಂಕ್ರೀಟು, ಒಳಗೋಡೆಗೆ ಎರಡು ಪದರ ಗಟ್ಟಿ ಸಿಮೆಂಟ್ ಗಾರೆ, ನಡುವೆ ನೀರು ತಡೆಯುವ ರಾಸಾಯನಿಕ ಬೇಕು. ಪ್ರತಿ ಕೋಣೆಗೆ ಮುಚ್ಚಳ, ಮೊದಲ ಕೋಣೆಗೆ ಮಾಡಿಗಿಂತ ಎತ್ತರದ ಗಾಳಿಕೊಳವೆ.

ಪಾತಿ ಕಟ್ಟುವುದು

ದೀಪಾವಳಿ ಮುಗಿದು ನೆಲ ಒಣಗಿದ ಮೇಲೆ ಅಗೆತ ಶುರುಮಾಡಿ, ಮೇ ಹೊತ್ತಿಗೆ ಖಡಿ ತುಂಬಿರಬೇಕು. ಕೆಲಸಕ್ಕೆ ಓಣಿಯ ಗೌಂಡಿಗಳನ್ನೇ ಕರೆಯಿರಿ, ಕೂಲಿ ಕೊಡಿ. ದಿನಗೂಲಿಯವರನ್ನು ಶ್ರಮದಾನಕ್ಕೆ ಕರೆಯುವುದೆಂದರೆ ಅವರ ಆ ದಿನದ ಊಟ ಕೇಳಿದ ಹಾಗೆ.

ಗುಂಡಿಯ ತಳ ಒಳಬಾಯಿಯಿಂದ ಹೊರಬಾಯಿಗೆ 6 ಮೀಟರಿಗೆ 5 ಸೆಂಟಿಮೀಟರ್ ಇಳಿದಿರಲಿ, ಅಡ್ಡಕ್ಕೆ ಮಾತ್ರ ಕಟ್ಟುನಿಟ್ಟಾಗಿ ಸಮ. ಗೋಡೆಯ ಎತ್ತರ 90 ಸೆಂಟಿಮೀಟರ್: 60 ಖಡಿಗೆ, 30 ಮಳೆಗೆ. ಕೆಂಪುಕಲ್ಲಿನ ಚೂಪುಗಳನ್ನು ಕುಟ್ಟಿ ತೆಗೆದು 5 ಸೆಂಟಿಮೀಟರ್ ಉಸುಕು ಹರಡಿ. ಅದರ ಮೇಲೆ ಹಾಳೆ ಹಾಸಿ. ಊರಲ್ಲಿ ಕೃಷಿ ಹೊಂಡಕ್ಕೆ ಹಾಸುವ ಜಾತಿಯದೇ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ ಆದೀತು, ಆದರೆ 500 ಮೈಕ್ರಾನಿನ (ಅರ್ಧ ಎಂಎಂ) ಬದಲು 1 ಎಂಎಂ ದಪ್ಪದ್ದು ತನ್ನಿ, ಮೇಲೆ ಟನ್‌ಗಟ್ಟಲೆ ಖಡಿ ಬೀಳುವುದಿದೆ. ಹಾಳೆಯ ಮೇಲೆ ಖಾಲಿ ಸಿಮೆಂಟು ಚೀಲ ಬಿಡಿಸಿ ಎರಡು ಪದರ ಹಾಸಿದರೆ ಖಡಿ ಚುಚ್ಚುವುದಿಲ್ಲ. ಕೊಳವೆ ಹಾಳೆಯನ್ನು ತೂರುವ ಜಾಗವೇ ಸೋರುವ ಜಾಗ. ಅಲ್ಲಿ ಕಾಲರ್ ಬೆಸುಗೆ ಹಾಕಿಸಿ.

ಖಡಿ ಹಾಕುವ ಮೊದಲು ಸೋರಿಕೆ ನೋಡಿ. 20 ಸೆಂಟಿಮೀಟರ್ ನೀರು ತುಂಬಿಸಿ ಗೋಡೆಗೆ ಗುರುತು ಹಾಕಿ. ಪಕ್ಕದಲ್ಲೇ ಬಿಸಿಲಿಗೆ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗುರುತು ಹಾಕಿ. ಎರಡು ದಿನ ಬಿಟ್ಟು ನೋಡಿದಾಗ ಎರಡೂ ಒಂದೇ ಸಮ ಇಳಿದಿದ್ದರೆ ಅದು ಆವಿಯಾದದ್ದು. ಪಾತಿ ಹೆಚ್ಚು ಇಳಿದಿದ್ದರೆ ತೂತು ಹುಡುಕಿ.

ಖಡಿಯ ಲೆಕ್ಕ ಹೀಗೆ. ಒಳಬಾಯಿ ಮತ್ತು ಹೊರಬಾಯಿಯ ಕಡೆ ಅರ್ಧರ್ಧ ಮೀಟರ್ ಅಗಲಕ್ಕೆ 40–60 ಎಂಎಂ ಕಲ್ಲು, ಎರಡೂ ಪಾತಿಗೆ 12 ಘನ ಮೀಟರ್. ನಡುವೆ 12 ಎಂಎಂ ಖಡಿ, 60 ಘನ ಮೀಟರ್. ಬ್ರಾಸಿನಲ್ಲಿ ಹೇಳುವುದಾದರೆ ಒಂದು ಬ್ರಾಸ್ 100 ಘನ ಅಡಿ, ಸುಮಾರು 2.83 ಘನ ಮೀಟರ್. ಆದ್ದರಿಂದ ದೊಡ್ಡ ಕಲ್ಲು ಐದು ಬ್ರಾಸ್, ಖಡಿ 23 ಬ್ರಾಸ್ ತರಿಸಿ. ಕರಿಕಲ್ಲಿನದೇ ಆಗಬೇಕು. ಅಗ್ಗಕ್ಕೆ ಸಿಗುತ್ತದೆಂದು ಚಿರೆಕಲ್ಲಿನ ಚೂರು ತುಂಬಿಸಿದರೆ ಅದು ನೀರಿನಲ್ಲಿ ಪುಡಿಯಾಗಿ ಕೆಸರಾಗುತ್ತದೆ. ಪ್ರತಿ ಲಾರಿಯಿಂದ ಒಂದು ಹಿಡಿ ಖಡಿಯನ್ನು ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಕುಲುಕಿ ನೋಡಿ. ನೀರು ಹಾಲಿನಂತಾದರೆ ಅದರಲ್ಲಿ ಡಸ್ಟ್ ತುಂಬಿದೆ. ಜಾಲರಿಯ ಮೇಲೆ ಹಾಕಿ ತೊಳೆಯದೆ ಇಳಿಸಬೇಡಿ. ಡಸ್ಟ್ ಸಮೇತ ತುಂಬಿದ ಪಾತಿ ಕೊಳಚೆ ಬರುವ ಮೊದಲೇ ಅರ್ಧ ಕಟ್ಟಿಕೊಂಡಿರುತ್ತದೆ. ಖಡಿ ತುಂಬಿದ ಮೇಲೆ ಅದರ ಮೇಲೆ ಗಾಡಿ, ಕೈಗಾಡಿ ಓಡಿಸಬಾರದು. ಹಲಗೆ ಹಾಸಿ ನಡೆಯಿರಿ.

ಟ್ಯಾಂಕಿನಿಂದ ಬರುವ ನೀರನ್ನು ಎರಡು ಪಾತಿಗೂ ಹಂಚಲು ಒಂದು ಛೇಂಬರ್ ಕಟ್ಟಿ, ಎರಡು ಹೊರಬಾಯಿಗೂ ಒಂದೇ ಎತ್ತರ ಕೊಡಿ, ಮುಚ್ಚಲು ಬಿರಡೆ ಇಡಿ. ಒಳಬಾಯಿಯಲ್ಲಿ ಪಾತಿಯ ಪೂರ್ತಿ ಅಗಲಕ್ಕೆ 110 ಎಂಎಂ ಕೊಳವೆ ಮಲಗಿಸಿ ಅರ್ಧ ಮೀಟರಿಗೊಂದು 20 ಎಂಎಂ ತೂತು ಕೊರೆಯಿರಿ. ಎರಡೂ ತುದಿಗೆ ತೆಗೆಯಬಹುದಾದ ಮುಚ್ಚಳ ಇರಲಿ, ಒಳಗೆ ಕೋಲು ಹಾಕಿ ಕೆರೆಯುವುದಕ್ಕೆ. ಈ ಕೊಳವೆಯ ಲೆವೆಲ್ ಗೌಂಡಿಗಳ ನೀರಿನ ಪೈಪಿನಿಂದಲೇ ನೋಡಿ, ಕಣ್ಣಂದಾಜು ಸಾಲದು. ಒಂದು ತುದಿ ಒಂದು ಸೆಂಟಿಮೀಟರ್ ತಗ್ಗಿದರೂ ನೀರೆಲ್ಲ ಅತ್ತಲೇ ಹೋಗಿ ಆ ಮೂಲೆ ಕಟ್ಟಿಕೊಳ್ಳುತ್ತದೆ, ಇನ್ನೊಂದು ಮೂಲೆಯ ಗಿಡ ಒಣಗುತ್ತದೆ.

ಹೊರಬಾಯಿಯಲ್ಲಿ ತಳದ ತೂತುಕೊಳವೆಯಿಂದ ಬಂದ ನೀರು ಒಂದು ಛೇಂಬರಿಗೆ ಬೀಳಬೇಕು. ಅಲ್ಲಿ ಕೊಳವೆಯ ತುದಿಗೆ ಗೋಂದು ಹಚ್ಚದೆ ತಿರುಗಿಸಬಹುದಾದ ಎಲ್ಬೊ ಮತ್ತು ಅರ್ಧ ಮೀಟರ್ ಕೊಳವೆ ಸಿಕ್ಕಿಸಿ. ಇದನ್ನು ನೆಟ್ಟಗೆ ನಿಲ್ಲಿಸಿದರೆ ಪಾತಿಯ ನೀರು ಏರುತ್ತದೆ, ಓರೆ ಮಾಡಿದರೆ ಇಳಿಯುತ್ತದೆ. ಕೆಲವೇ ರೂಪಾಯಿಯ ಈ ತುಂಡು ಇಡೀ ಪಾತಿಯ ಲಗಾಮು. ದಿನನಿತ್ಯ ನೀರಿನ ಮಟ್ಟ ಖಡಿಯ ಮೇಲ್ಮೈಗಿಂತ 10 ಸೆಂಟಿಮೀಟರ್ ಕೆಳಗಿರಬೇಕು. ನೀರು ಕಣ್ಣಿಗೆ ಕಾಣದಿದ್ದರೆ ಸೊಳ್ಳೆ ಮೊಟ್ಟೆಯಿಡುವುದಿಲ್ಲ.

ನೆಡುವುದು, ನೀರು ಬಿಡುವುದು

ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ ನೆಡಿ. ಅರ್ಧ ಮೀಟರಿಗೊಂದರಂತೆ, ಚದರ ಮೀಟರಿಗೆ ನಾಲ್ಕು, ಒಟ್ಟು 480 ಗಿಡ. ಮನೆ ನಡುವಿನ ಪಾತಿಗೆ ಕ್ಯಾನಾ ಎಂಬ ಹೂಗಿಡ ಚೆನ್ನ: ಹೂ ಬಿಡುತ್ತದೆ, ಗಡ್ಡೆ ಒಡೆದು ನೆಡಬಹುದು. ಎರಡು ಮೂರು ಕಣ್ಣಿರುವ ತುಂಡು ಸಾಕು. ಜೊಂಡು ಗಟ್ಟಿಮುಟ್ಟು, ಆದರೆ ಕತ್ತರಿಸದಿದ್ದರೆ ಕಾಡಾಗುತ್ತದೆ. ಲಾವಂಚವನ್ನು ಹೊರಬಾಯಿಯ ಕಡೆ ಹಾಕಿ. ಕೆಸು ಬೇಡ. ಚೆನ್ನಾಗಿ ಬೆಳೆಯುತ್ತದೆ ನಿಜ, ಬೆಳೆದ ಎಲೆಯನ್ನು ಯಾರೋ ಪತ್ರೊಡೆಗೆ ಕೊಯ್ದೇ ಕೊಯ್ಯುತ್ತಾರೆ.

ಮೊದಲ ಎರಡು ಮೂರು ವಾರ ಬರೀ ನೀರು ಅಥವಾ ಅರ್ಧಕ್ಕರ್ಧ ಬೆರೆಸಿದ ಕೊಳಚೆ ಬಿಡಿ, ಮಟ್ಟ ಬೇರಿಗೆ ತಾಗುವಷ್ಟು ಮೇಲಿರಲಿ. ಹೊಸ ಚಿಗುರು ಬಂದಮೇಲೆ ಮಟ್ಟವನ್ನು ನಿಧಾನವಾಗಿ ಇಳಿಸಿ, ಬೇರು ನೀರನ್ನು ಹಿಂಬಾಲಿಸಿ ಕೆಳಗಿಳಿಯುತ್ತದೆ. ಪೂರ್ತಿ ಕೊಳಚೆ ಆರರಿಂದ ಎಂಟು ವಾರಕ್ಕೆ. ಮೊದಲ ಮೂರು ತಿಂಗಳಿನ ನೀರಿನ ಪರೀಕ್ಷೆ ನಿರಾಸೆ ಮಾಡಿದರೆ ಅಂಜಬೇಡಿ, ಖಡಿಯ ಮೇಲಿನ ಲೋಳೆ ಪಕ್ವವಾಗಲು ಹೊತ್ತು ಬೇಕು.

ಹೊರಬಂದ ನೀರು

ಈ ನೀರು ತಿಳಿಯಾಗಿ ಕಾಣುತ್ತದೆ, ಅದೇ ಅಪಾಯ. ರೋಗಾಣು ಹತ್ತರಲ್ಲೊಂದಕ್ಕೆ, ಹೆಚ್ಚೆಂದರೆ ನೂರರಲ್ಲೊಂದಕ್ಕೆ ಇಳಿದಿರುತ್ತದೆ, ಅಷ್ಟೆ. ಹಸಿ ಕೊಳಚೆಯಲ್ಲಿ ಅವು ಕೋಟಿಗಟ್ಟಲೆ ಇರುವುದರಿಂದ ಉಳಿದದ್ದೂ ಕಡಿಮೆಯಲ್ಲ. ಕುಡಿಯಲು, ಸ್ನಾನಕ್ಕೆ, ಪಾತ್ರೆಗೆ, ಕೊತ್ತಂಬರಿ ಪಾಲಕ್ ಬಸಳೆಗೆ ಬಳಸಲೇಬಾರದು. ಬಾಳೆ, ತೆಂಗು, ಮೇವಿನ ನೇಪಿಯರ್ ಹುಲ್ಲು, ಚೆಂಡು ಹೂವಿಗೆ ಬುಡಕ್ಕೆ ಬಿಡಬಹುದು, ಮೇಲಿಂದ ಚಿಮುಕಿಸಬಾರದು. ಅಮೋನಿಯಾ ಈ ಬಗೆಯ ಪಾತಿಯಲ್ಲಿ ಹೆಚ್ಚು ಇಳಿಯುವುದಿಲ್ಲ, ಒಳಗೆ ಗಾಳಿ ಕಡಿಮೆ. ಬಾಳೆಗೆ ಅದು ಗೊಬ್ಬರ, ಕೆರೆಗೆ ವಿಷ.

ಶೌಚಾಲಯಕ್ಕೆ ಸುರಿಯಲು ಬಳಸುವುದಾದರೆ ಬ್ಲೀಚಿಂಗ್ ಪೌಡರ್ ಹಾಕಿ ಅರ್ಧ ಗಂಟೆ ನಿಲ್ಲಿಸಿ. ಶೇ 33 ಕ್ಲೋರಿನ್ ಇರುವ ತಾಜಾ ಪುಡಿಯಾದರೆ 10,000 ಲೀಟರಿಗೆ 150 ಗ್ರಾಂ. ಟ್ಯಾಂಕರ್ ನೀರು ಕೊಳ್ಳುವ ಓಣಿಗೆ ಉಳಿತಾಯ ಬರುವುದು ಇಲ್ಲೇ. ಬೇಸಿಗೆಯಲ್ಲಿ ಗಿಡ ಮತ್ತು ಬಿಸಿಲು ದಿನಕ್ಕೆ ಸುಮಾರು ಸಾವಿರ ಲೀಟರ್ ಎಳೆದರೂ ಎಂಟೊಂಬತ್ತು ಸಾವಿರ ಉಳಿಯುತ್ತದೆ. ಒಂದು ಬಾಳೆಗೆ ದಿನಕ್ಕೆ 20 ಲೀಟರ್ ಎಂದರೂ 200 ಬಾಳೆ ಸಾಕಿ ಅರ್ಧ ಮಿಗುತ್ತದೆ. ಪಾತಿಯಿಂದಲೇ ದೊಡ್ಡ ಆದಾಯ ಬರುತ್ತದೆಂದು ಯಾರಿಗೂ ಆಸೆ ಹುಟ್ಟಿಸಬೇಡಿ. ಕ್ಯಾನಾ ಸಸಿ, ಮೇವು, ಬಾಳೆಗೊನೆ ಸೇರಿದರೆ ನೋಡಿಕೊಳ್ಳುವವರ ಸಂಬಳಕ್ಕೆ ಊರುಗೋಲಾದೀತು. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ನೀರು ಯಾರಿಗೂ ಬೇಡ, ಅನುಮತಿ ಪಡೆದ ನಾಲೆಗೆ ಹೋಗುವ ದಾರಿ ಮೊದಲೇ ಇರಬೇಕು.

ನೋಡಿಕೊಳ್ಳುವುದು ಮತ್ತು ಕೆಡುವುದು

ಓಣಿಯವರೇ ಒಬ್ಬರು, ದಿನಕ್ಕೆ ಒಂದು ಗಂಟೆ, ತಿಂಗಳ ಸಂಬಳಕ್ಕೆ. ಮನೆಗೆ 100 ರೂಪಾಯಿ ಕೂಡಿಸಿದರೆ 2,500 ಆಗುತ್ತದೆ. ಅದರಲ್ಲಿ ಒಂದು ಪಾಲು ಗಸಿ ತೆಗೆಸುವ ಲಾರಿಗೆಂದು ಮುಟ್ಟದೆ ಇಡಿ. ಬೆಳಗ್ಗೆ ಕಂಬಿ ಜಾಲರಿ ಬಳಿಯುವುದು, ಒಳಬಾಯಿಯಲ್ಲಿ ನೀರು ಮೇಲೆ ನಿಂತಿದೆಯೇ ನೋಡುವುದು, ಹೊರನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಹಿಡಿಯುವುದು, ಮೂಸುವುದು, ಒಂದು ಪುಸ್ತಕದಲ್ಲಿ ಬರೆಯುವುದು. ಕೈಗವಸು, ಬೂಟು ಸಂಬಳದ ಜೊತೆ ಕೊಡಬೇಕಾದವು. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ, ಐಸಿನಲ್ಲಿಟ್ಟು ಅದೇ ದಿನ ತಲುಪಿಸಿ.

ಗಸಿ ತಲೆಗೆ ವರ್ಷಕ್ಕೆ 40 ಲೀಟರಿನಷ್ಟು, ಓಣಿಗೆ 5,000 ಲೀಟರ್ ಕೂಡುತ್ತದೆ. ಎರಡು ವರ್ಷ ಮೀರದಂತೆ, ಮಳೆಗಾಲಕ್ಕೆ ಮೊದಲು ಲಾರಿಯ ಪಂಪಿನಿಂದ ತೆಗೆಸಿ. ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸಬೇಡಿ. ಸುರಕ್ಷತಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಡಿ ಅಪರಾಧ, ಅದಕ್ಕಿಂತ ಮೊದಲು ಅದು ಕೊಲೆ. ಒಳಗಿನ ಅನಿಲ ಒಂದೆರಡು ಉಸಿರಿಗೇ ಎಚ್ಚರ ತಪ್ಪಿಸಬಲ್ಲದು, ಎತ್ತಲು ಹೋದವರೂ ಬೀಳುತ್ತಾರೆ. ಲಾರಿ ಬರುವ ದಾರಿಯಿಲ್ಲದ ಕಡೆ ಟ್ಯಾಂಕು ಕಟ್ಟಲೇಬೇಡಿ, ಕಟ್ಟಿದರೆ ಮುಂದೊಂದು ದಿನ ನಮ್ಮವರನ್ನೇ ಹಗ್ಗ ಕಟ್ಟಿ ಇಳಿಸುತ್ತಾರೆ.

ಒಳಬಾಯಿಯಲ್ಲಿ ನೀರು ಮೇಲೆ ನಿಂತರೆ ಮೊದಲು ಟ್ಯಾಂಕಿನ ಗಸಿ ನೋಡಿ, ಪಾತಿಯನ್ನು ಆಮೇಲೆ. ಗಸಿ ತೆಗೆಸಿ, ಕಟ್ಟಿಕೊಂಡ ಪಾತಿಗೆ ಬಿರಡೆ ಹಾಕಿ, ಹೊರಕೊಳವೆ ಮಲಗಿಸಿ ಪೂರ್ತಿ ಬಸಿದು ಎರಡು ಮೂರು ವಾರ ಒಣಗಲು ಬಿಡಿ. ಗಾಳಿ ತಗುಲಿ ಲೋಳೆ ಕರಗುತ್ತದೆ. ಅಷ್ಟು ದಿನ ಇನ್ನೊಂದು ಪಾತಿ ಎರಡರ ಭಾರ ಹೊರುತ್ತದೆ, ಆದ್ದರಿಂದ ಇದನ್ನು ಬೇಸಿಗೆಯಲ್ಲೇ ಮಾಡಿ. ಗಿಡ ಒಂದೇ ಪಕ್ಕ ಹಳದಿಯಾದರೆ ಹಂಚುವ ಕೊಳವೆ ಓರೆಯಾಗಿದೆ ಅಥವಾ ತೂತು ಕಟ್ಟಿದೆ. ಎಲ್ಲ ಗಿಡ ಒಮ್ಮೆಗೇ ಸುಟ್ಟಂತಾದರೆ ಯಾರೋ ಆಸಿಡ್ಡು, ಫಿನೈಲು, ಬಣ್ಣದ ಥಿನ್ನರು ಸುರಿದಿದ್ದಾರೆ. ಪೇಂಟಿಂಗ್ ಕೆಲಸದವರ ಮನೆಗಳಲ್ಲಿ ಮುಂಚೆಯೇ ಕೂತು ತಿಳಿಹೇಳಿ. ಹೊರನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಕೊಳೆಯ ಭಾರ ಹೆಚ್ಚಾಗಿದೆ. ಮನೆ, ಬಾಡಿಗೆದಾರರು ಎಷ್ಟು ಹೆಚ್ಚಿದ್ದಾರೆ ಎಂದು ಎಣಿಸಿ ನೋಡಿ. 125 ಜನರ ಪಾತಿಗೆ 200 ಜನರ ಕೊಳಚೆ ಬಿಟ್ಟು ಗಿಡವನ್ನು ಬೈದರೆ ಪ್ರಯೋಜನವಿಲ್ಲ, ಮೂರನೇ ಪಾತಿ ಕಟ್ಟಬೇಕು.

ಗಿಡವನ್ನು ವರ್ಷಕ್ಕೆರಡು ಸಲ, ಮಳೆಗೆ ಮೊದಲು ಮತ್ತು ದಸರೆಯ ನಂತರ, ಒಂದಡಿ ಬಿಟ್ಟು ಕತ್ತರಿಸಿ, ಎಲೆ ಖಡಿಯ ಮೇಲೆ ಕೊಳೆಯಲು ಬಿಡದೆ ಹೊರತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಭಾರಿ ಮಳೆಯ ದಿನ ಎರಡೂ ಪಾತಿಯ ಮೇಲೆ ಬೀಳುವ ನೀರೇ 12,000 ಲೀಟರ್, ಹಾಗಾಗಿ ಜೂನ್‌ಗೆ ಮೊದಲು ಹೊರಕೊಳವೆಯನ್ನು 5 ಸೆಂಟಿಮೀಟರ್ ತಗ್ಗಿಸಿಡಿ. ಬದಿಯ ಮಣ್ಣು ಕೊಚ್ಚಿ ಖಡಿಗೆ ಬೀಳದಂತೆ ಗೋಡೆ ನೆಲಕ್ಕಿಂತ ಒಂದು ಕಲ್ಲು ಎತ್ತರವಿದೆಯೇ ನೋಡಿ. ಕೆಲವು ವರ್ಷ ನಡೆದ ಮೇಲೆ ಒಣಗಿಸಿದರೂ ಒಳಬಾಯಿ ಬಿಟ್ಟುಕೊಡದಿದ್ದಾಗ, ಆ ಬದಿಯ ಒಂದು ಮೀಟರ್ ಅಗಲದ ಕಲ್ಲು ಖಡಿಯನ್ನು ಮಾತ್ರ ಸಲಿಕೆಯಿಂದ ತೆಗೆದು, ಬಿಸಿಲಿಗೆ ಹರಡಿ ಒಣಗಿಸಿ, ಜಾಲರಿಯಲ್ಲಿ ಕುಟ್ಟಿ ತೊಳೆದು ಅದನ್ನೇ ಮರಳಿ ತುಂಬಿಸಿ. ತೊಳೆದ ನೀರು ಟ್ಯಾಂಕಿನ ಮೊದಲ ಕೋಣೆಗೆ ಹೋಗಲಿ. ಹೊಸ ಖಡಿ ತರಿಸಬೇಕಾದದ್ದು ಕಡಿಮೆ ಬಿದ್ದಷ್ಟಕ್ಕೆ ಮಾತ್ರ.